ಹಸಿರು ಟೋಪಿಯವನಿಂದ ನೀಲಿ ಊರಿಗೆ ಥ್ಯಾಂಕ್ಸ್

ನಿನ್ನೆ, 2015ರ ನವೆಂಬರ್ 3, ಅಮೆರಿಕದ ನಮ್ಮ ಕಾನ್ಸಾಸ್ ಸಿಟಿಯ ಸ್ಕೂಲುಗಳಿಗೆ ರಜೆ. ಹಬ್ಬವೂ ಇಲ್ಲ, ಹಿಮವೂ ಬಿದ್ದಿಲ್ಲ. ಊರಿನ ಬೇಸ್‌ಬಾಲ್ ತಂಡ ರಾಯಲ್ಸ್, ಇಲ್ಲಿನ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದ ಮೆರವಣಿಗೆ! ಸುಮಾರು 8 ಲಕ್ಷ ಜನ ಸೇರಿದ್ದರಂತೆ. ಯೂನಿಯನ್ ಸ್ಟೇಷನ್ ಸುತ್ತ ನೆಲವೇ ಕಾಣುತ್ತಿರಲಿಲ್ಲ, ಎಲ್ಲಿ ನೋಡಿದರೂ ರಾಯಲ್ಸ್‌ನ ನೀಲಿ. ಆ ನೀಲಿ ನಡುವೆ ಹಸಿರು ಟೋಪಿ ಹಾಕಿಕೊಂಡು, ಆರು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಿರುಚುತ್ತಿದ್ದ ಕನ್ನಡಿಗ ನಾನೇ. ಗಂಟಲು ಇನ್ನೂ ಸರಿಹೋಗಿಲ್ಲ, ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಆ ಟೋಪಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್‌ನದು, ನಮ್ಮ ಬಾಯಲ್ಲಿ ಏಸ್. ನಾನು ನೋಡಿದ ಮೊದಲ ಬೇಸ್‌ಬಾಲ್ ಆಟ 2002ರ ಸೆಪ್ಟೆಂಬರ್ 4ರದು. ಆಗಷ್ಟೇ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೆ, ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಆಫೀಸಿನ ಗೆಳೆಯ ಎಳೆದುಕೊಂಡು ಹೋದ. ಏಸ್ ಸತತ 19 ಆಟ ಗೆದ್ದಿತ್ತು, ಅವತ್ತು 20ನೆಯದು. 11–0 ಮುಂದಿದ್ದ ತಂಡ ಎಲ್ಲವನ್ನೂ ಕಳೆದುಕೊಂಡು 11–11ಕ್ಕೆ ಬಂತು, ಕೊನೆಗೆ ಸ್ಕಾಟ್ ಹ್ಯಾಟ್‌ಬರ್ಗ್ ಹೊಡೆದ, ನಮ್ಮ ಸಿಕ್ಸರ್ ಇದ್ದ ಹಾಗಿನ ಹೋಮ್ ರನ್‌ನಲ್ಲಿ ಗೆದ್ದಿತು. ಅಲ್ಲಿಗೆ ನಾನು ಬಿದ್ದೆ. ಅವತ್ತು ಪಾಪ ಸೋತವರು ಯಾರು ಗೊತ್ತಾ? ಇದೇ ರಾಯಲ್ಸ್.

2014ರಲ್ಲಿ ಕೆಲಸ ಹೋಯಿತು. ವೀಸಾ ಮೇಲಿರುವವರಿಗೆ ಕೆಲಸ ಹೋದರೆ ಏನಾಗುತ್ತೆ ಅಂತ ಗೊತ್ತಿರುವವರಿಗೆ ಗೊತ್ತು, ಜಾಸ್ತಿ ಹೇಳಲ್ಲ. ಮೊದಲು ಸಿಕ್ಕ ಕೆಲಸ ಹಿಡಿದು ಇಲ್ಲಿಗೆ ಬಂದೆವು. ಬಾರ್ಬೆಕ್ಯೂ ಊರಿಗೆ ಬಂದು ಬಿದ್ದ ಪುಳಿಚಾರು ಸಂಸಾರ. ಗುರುತಿನವರು ಒಬ್ಬರೂ ಇಲ್ಲ.

ಮೊದಲು ಮಾತಾಡಿಸಿದ್ದು ಎದುರುಮನೆಯವರು. ಮಗಳಿಗೆ ಅವರು ತಾತ, ಈಗ ನಮಗೆಲ್ಲರಿಗೂ ತಾತನೇ. ನನ್ನ ಟೋಪಿ ನೋಡಿ ನಕ್ಕರು, ಏನೂ ಅನ್ನಲಿಲ್ಲ. ಸೆಪ್ಟೆಂಬರ್ 30ಕ್ಕೆ ವೈಲ್ಡ್ ಕಾರ್ಡ್ ಆಟ ಬಂತು, ಒಂದೇ ಆಟ, ಸೋತವರು ಮನೆಗೆ. ಎದುರಾಳಿಗಳು ಯಾರು ಅಂದರೆ ರಾಯಲ್ಸ್ ಮತ್ತು ಏಸ್! ಟಿವಿ ನೋಡೋಕೆ ನಮ್ಮನೆಗೇ ಬಾ ಅಂದರು. ಒಂಬತ್ತು ಇನ್ನಿಂಗ್ಸ್‌ನ ಆಟ, ಎಂಟನೆಯದರ ಹೊತ್ತಿಗೆ ನಮ್ಮ ಏಸ್ 7–3 ಮುಂದೆ, ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆಟ ಸಮವಾಗಿ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋಯಿತು, ಹನ್ನೆರಡನೆಯದರಲ್ಲಿ ರಾಯಲ್ಸ್‌ನ ಸಾಲ್ವಡೋರ್ ಪೆರೆಜ್ ಹೊಡೆದ ಚೆಂಡು ಥರ್ಡ್ ಬೇಸ್ ಪಕ್ಕದಲ್ಲೇ ನುಸುಳಿಹೋಯಿತು. ರಾಯಲ್ಸ್‌ಗೆ 9–8 ಗೆಲುವು. ರಾಯಲ್ಸ್ 29 ವರ್ಷ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ, ಬೀದಿಯಲ್ಲೆಲ್ಲ ಕೂಗಾಟ. ತಾತ ಮಾತ್ರ ಟಿವಿ ಸದ್ದು ಕಡಿಮೆ ಮಾಡಿ ನನ್ನ ಪಕ್ಕ ಕೂತರು.

ಆಮೇಲೆ ಹೇಳಿದರು: ಏಸ್ ಮೊದಲು ಇದೇ ಊರಿನ ತಂಡವಂತೆ! 1955ರಿಂದ 1967ರವರೆಗೆ ಇಲ್ಲಿತ್ತು, 1968ಕ್ಕೆ ಮಾಲೀಕ ಚಾರ್ಲಿ ಫಿನ್ಲಿ ಅದನ್ನು ಓಕ್‌ಲ್ಯಾಂಡ್‌ಗೆ ಕಟ್ಟಿಕೊಂಡು ಹೋದ. ತಂಡದ ಗುರುತಿಗೆ ಸಾಕಿದ್ದ ಹೇಸರಗತ್ತೆಗೆ ತನ್ನದೇ ಹೆಸರಿಟ್ಟಿದ್ದ ಮಹಾನುಭಾವ ಅವನು. ತಾತನಿಗೆ ಆಗ ಹದಿಮೂರು ವರ್ಷ. ರಾಯಲ್ಸ್ ಹುಟ್ಟಿದ್ದು 1969ರಲ್ಲಿ. ಅಂದರೆ ನನ್ನ ಹಸಿರು ಟೋಪಿಯ ತಂಡವನ್ನು ನನಗಿಂತ ಮೊದಲು ಕಳೆದುಕೊಂಡವರು ಅವರು. ಹಳೆಯದನ್ನು ಬಿಟ್ಟು ಬಾ ಅಂತ ಅವರು ಒಂದು ದಿನವೂ ಹೇಳಲಿಲ್ಲ. ಮಗಳಿಗೆ ನೀಲಿ ಟೋಪಿ ತಂದುಕೊಟ್ಟರು, ನನ್ನ ತಲೆ ಮುಟ್ಟಲಿಲ್ಲ.

ಆ ವರ್ಷ ವರ್ಲ್ಡ್ ಸೀರೀಸ್‌ನ ಏಳನೇ, ಕೊನೆಯ ಆಟ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ವಿರುದ್ಧ. ರಾಯಲ್ಸ್‌ನ ಅಲೆಕ್ಸ್ ಗಾರ್ಡನ್ ರನ್ ಪೂರೈಸದೆ ಥರ್ಡ್ ಬೇಸ್‌ನಲ್ಲೇ ನಿಂತುಬಿಟ್ಟ, 3–2ಕ್ಕೆ ಸೋತೆವು. ಹೌದು, 'ಸೋತೆವು' ಅಂತಲೇ ಬಾಯಿಗೆ ಬಂತು. ಹೆಂಡತಿ ತಿರುಗಿ ನೋಡಿದಳು. ಓಕ್‌ಲ್ಯಾಂಡ್‌ನವನಿಗೆ ಕೊಲ್ಲಿಯ ಆಚೆ ದಡದ ಜೈಂಟ್ಸ್ ಗೆದ್ದರೆ ಹೊಟ್ಟೆ ಉರಿಯುತ್ತೆ, ಅದಕ್ಕೇ ಅಂತ ಸಮಜಾಯಿಷಿ ಕೊಟ್ಟೆ. ಅವಳು ನಂಬಲಿಲ್ಲ.

ಈ ವರ್ಷ ಏಸ್ 94 ಆಟ ಸೋತು ತನ್ನ ವಿಭಾಗದಲ್ಲಿ ಕೊನೆಗೆ ಬಿತ್ತು, ಅದನ್ನೂ ಒಂದೊಂದಾಗಿ ನೋಡಿದ್ದೇನೆ. ಜುಲೈನಲ್ಲಿ ಆಟಗಾರ ಬೆನ್ ಜೋಬ್ರಿಸ್ಟ್ ಓಕ್‌ಲ್ಯಾಂಡ್ ಬಿಟ್ಟು ರಾಯಲ್ಸ್‌ಗೆ ಬಂದಾಗ ನನಗೊಬ್ಬ ಜೊತೆಗಾರ ಸಿಕ್ಕಿದ ಹಾಗಾಯಿತು. ಅಲ್ಲಿನ ಗೆಳೆಯರು ಫೋನ್ ಮಾಡಿ ಇಬ್ಬರನ್ನೂ ಸೇರಿಸಿ ಬೈದರು. ಬೈದುಕೊಂಡೇ ನನ್ನ ಜೊತೆ ರಾತ್ರಿಯೆಲ್ಲ ಆಟ ನೋಡಿದ ನಿಮಗೂ ಥ್ಯಾಂಕ್ಸ್ ಕಣ್ರೋ.

ರಾಯಲ್ಸ್ ಈ ಸಲದ ವರ್ಲ್ಡ್ ಸೀರೀಸ್ ಗೆದ್ದಿದ್ದು ನವೆಂಬರ್ 1ರ ಭಾನುವಾರ. ಮಧ್ಯಾಹ್ನ ಗೆಳೆಯರ ಮನೆಯಲ್ಲಿ ರಾಜ್ಯೋತ್ಸವದ ಹೋಳಿಗೆ ಊಟ, ರಾತ್ರಿ ತಾತನ ಮನೆಯಲ್ಲಿ ಟಿವಿ. ಒಂಬತ್ತನೇ ಇನ್ನಿಂಗ್ಸ್‌ಗೆ ಎದುರಾಳಿ ನ್ಯೂಯಾರ್ಕ್ ಮೆಟ್ಸ್ 2–0 ಮುಂದಿತ್ತು. ರಾಯಲ್ಸ್‌ಗೆ ಒಂದು ರನ್ ಬಂತು. ಆಮೇಲೆ ಥರ್ಡ್ ಬೇಸ್‌ನಲ್ಲಿದ್ದ ಎರಿಕ್ ಹಾಸ್ಮರ್, ಫೀಲ್ಡರ್ ಚೆಂಡನ್ನು ಫಸ್ಟ್ ಬೇಸ್‌ಗೆ ಎಸೆಯುತ್ತಿದ್ದ ಹಾಗೇ ರನ್ ಪೂರೈಸುವ ಹೋಮ್ ಪ್ಲೇಟ್ ಕಡೆ ಓಟ ಕಿತ್ತ, ತಲೆಕೆಟ್ಟ ಓಟ, ಅಲ್ಲಿಂದ ತಿರುಗಿ ಎಸೆದದ್ದು ಅತ್ತ ಹೋಯಿತು, ಇವನು ಇತ್ತ ಬಿದ್ದು ಮುಟ್ಟಿದ, 2–2. ಹನ್ನೆರಡನೆಯದರಲ್ಲಿ ಐದು ರನ್. 7–2. 1985ರ ನಂತರ ಮೊದಲ ಸಲ. ತಾತ ಎದ್ದು ನಿಲ್ಲಲೂ ಇಲ್ಲ, ಕೂತಲ್ಲೇ ಕಣ್ಣು ಒರೆಸಿಕೊಂಡರು. ಈ ಸಲ ಟಿವಿ ಸದ್ದು ಕಡಿಮೆ ಮಾಡಿ ಪಕ್ಕ ಕೂತದ್ದು ನಾನು.

ತಾತ, ನಿಮಗೆ ಕನ್ನಡ ಓದಲು ಬರಲ್ಲ, ಮಗಳು ತನಗೆ ತಿಳಿದ ಹಾಗೆ ಹೇಳುತ್ತಾಳೆ. ನಿಮಗೂ, ನನ್ನ ಟೋಪಿ ನೋಡಿ ಗೇಲಿ ಮಾಡುತ್ತಲೇ ಮೆರವಣಿಗೆಯಲ್ಲಿ ಮುಂದಕ್ಕೆ ಜಾಗ ಬಿಟ್ಟ ಜನಕ್ಕೂ ತುಂಬಾ ಥ್ಯಾಂಕ್ಸ್. ಚಕ್ಕುಲಿ ಡಬ್ಬ ಮಾತ್ರ ವಾಪಸ್ ಕಳಿಸಿ. ಮುಂದಿನ ವಾರ ದೀಪಾವಳಿ, ತುಂಬಿ ಕೊಡಬೇಕು.