ನಾಲ್ಕು ಸೆಕೆಂಡಿನ ಆಟ ಬಿಡುವ ಮುಂಚೆ

ತಿಪಟೂರು

ಚಿ. ಪುಟ್ಟುವಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನಮ್ಮ ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. ರಾಜ್ಯ ಮಟ್ಟದಲ್ಲಿ ಎರಡನೇ ಸ್ಥಾನ ಬಂತಂತೆ. ನೀನು ಆ ಪದಕ ತಂದು ಬೀರುವಿನಲ್ಲಿ ಬಟ್ಟೆ ಕೆಳಗೆ ತುರುಕಿದ್ದೀಯಂತೆ. ರ‍್ಯಾಪಿಡ್ ಫೈರ್ ಸಾಕು, ನಾಲ್ಕು ಸೆಕೆಂಡಿನಲ್ಲಿ ಐದು ಗುರಿಗೆ ಗುಂಡು ಹೊಡೆಯುವ ಆ ಪಿಸ್ತೂಲು ಆಟ ಬೇಡ, ಇನ್ನು ಹತ್ತು ಮೀಟರ್ ಏರ್ ಪಿಸ್ತೂಲು ಅಂತ ಹಟ ಹಿಡಿದು ಕೂತಿದ್ದೀಯಂತೆ. ಬೈಯುವುದಕ್ಕೆ ಬರೆಯುತ್ತಿಲ್ಲ, ಗಾಬರಿಯಾಗಬೇಡ.

ಫ್ರಾನ್ಸಿನ ಜಾನ್ ಕಿಕಾಂಪ್ವಾ ಗೊತ್ತಲ್ವಾ? ನಿನ್ನದೇ ಆಟದವನು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವನಿಗೆ ಇಪ್ಪತ್ತು ವರ್ಷ. ಫೈನಲ್‌ನಲ್ಲಿ 30 ಗುಂಡು ಗುರಿಗೆ ಹೊಡೆದು ಬೆಳ್ಳಿ ಗೆದ್ದ. ಜರ್ಮನಿಯ ಕ್ರಿಸ್ಟಿಯನ್ ರೈಟ್ಸ್ 34 ಹೊಡೆದಿದ್ದ. ನಾಲ್ಕರ ಅಂತರ ಸಣ್ಣದಲ್ಲ. ಆಮೇಲೆ ಕೊರೊನಾ ಬಂತು, ಟೋಕಿಯೋ ಕೂಟ ಒಂದು ವರ್ಷ ಮುಂದಕ್ಕೆ ಹೋಯಿತು. ಐದು ವರ್ಷ ಕಳೆದು 2021ರ ಆಗಸ್ಟ್‌ನಲ್ಲಿ ಅದೇ ಆಟಕ್ಕೆ ಬಂದು ನಿಂತ, ಈ ಸಲ 34 ಹೊಡೆದು ಚಿನ್ನ ಗೆದ್ದ. ಬೆಳ್ಳಿ ಹೋಗಿದ್ದು ಕ್ಯೂಬಾದ ಲಿಯುರಿಸ್ ಪುಪೋಗೆ. 2012ರಲ್ಲಿ ಲಂಡನ್‌ನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದಾಗ ಚಿನ್ನ ಗೆದ್ದಿದ್ದನಲ್ಲ, ಅವನೇ. ಅವತ್ತು ಪುಪೋ ಹೊಡೆದಿದ್ದೂ 34. ಮೂರು ಒಲಿಂಪಿಕ್ಸ್, ಮೂವರು ಬೇರೆ ಬೇರೆ ದೇಶದವರು, ಒಂದೇ ಅಂಕ!

ಆ ಅಂಕವನ್ನು ತಿರುಗಿಸಿ ನೋಡು. ಫೈನಲ್‌ನಲ್ಲಿ ನಲವತ್ತು ಗುಂಡು. ಗುರಿಯ ನಡುವಿನ 9.7 ಅಂಕದ ವಲಯದಿಂದ ಒಂದು ಕೂದಲೆಳೆ ಆಚೆ ಬಿದ್ದರೂ ಸೊನ್ನೆ. ಅಂದರೆ ಚಿನ್ನ ಗೆದ್ದವನೂ ಆರು ಸಲ ಸೊನ್ನೆ ನೋಡಿದ್ದಾನೆ. ಒಂದು ಸೊನ್ನೆ ಬಿದ್ದ ಕೂಡಲೇ ನಿನ್ನ ಭುಜ ಬಿಗಿಯಾಗುತ್ತದೆ ಅಂತ ನಿನ್ನಮ್ಮನೇ ಹೇಳಿದಳು. ಅವಳಿಗೆ ಪಿಸ್ತೂಲು ತಿಳಿಯದಿದ್ದರೂ ಮಗನ ಭುಜ ತಿಳಿಯುತ್ತದೆ.

ನನಗೂ ಪಿಸ್ತೂಲು ತಿಳಿಯದು. ಟೈಪಿಂಗ್ ತಿಳಿಯುತ್ತದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೀನಿಯರ್ ಪರೀಕ್ಷೆ ಫೇಲಾದೆ. ಮೆಷೀನ್ ಸರಿಯಿಲ್ಲ ಅಂತ ಇನ್‌ಸ್ಟಿಟ್ಯೂಟ್ ಬದಲಾಯಿಸಿದೆ, ಅಲ್ಲೂ ಫೇಲಾದೆ. ಅಲ್ಲಿನ ಮೇಷ್ಟ್ರು ನನ್ನ ಬೆನ್ನ ಹಿಂದೆ ನಿಂತು, ಕಾಗದ ನೋಡದೆ ಕಣ್ಣು ಮುಚ್ಚಿ ಸದ್ದು ಕೇಳಿದರು. "ತಪ್ಪು ಬಿದ್ದ ಅಕ್ಷರ ಆದಮೇಲೆ ನಿನ್ನ ಕೈ ಓಡುತ್ತೆ ಕಣೋ" ಅಂದರು. ಹೌದು, ಒಂದು ತಪ್ಪನ್ನು ಮುಚ್ಚೋಕೆ ಮುಂದಿನ ಹತ್ತು ಅಕ್ಷರ ಕೆಡಿಸುತ್ತಿದ್ದೆ. ಎ-ಎಸ್-ಡಿ-ಎಫ್‌ನಿಂದ ಮತ್ತೆ ಶುರು ಮಾಡಿಸಿದರು, ಒಂದೇ ತಾಳಕ್ಕೆ.

ಮೊನ್ನೆ ಟೋಕಿಯೋ ಫೈನಲ್ ಮತ್ತೆ ಹಾಕಿ ನೋಡಿದೆ. ಕೈ ಕೆಳಗಿರುತ್ತದೆ. ಹಸಿರು ದೀಪ ಬಂದ ಮೇಲೆ ತೋಳು ಏಳುತ್ತದೆ, ಮೊದಲ ಗುಂಡು. ಅಲ್ಲಿಂದ ಒಂದೇ ತಾಳ, ಟಕ್ ಟಕ್ ಟಕ್ ಟಕ್. ನಾಲ್ಕು ಸೆಕೆಂಡಿನಲ್ಲಿ ಐದು ಗುರಿ ಮುಗಿಸಿದರೂ ಅವಸರ ಕಾಣಲಿಲ್ಲ. ನಿನ್ನ ವಿಡಿಯೋವನ್ನೂ ಹಾಗೇ ಕಣ್ಣು ಮುಚ್ಚಿ ಕೇಳು. ಎಲ್ಲಿ ಓಡುತ್ತಿದ್ದೀಯ ಅಂತ ನಿನಗೇ ಕೇಳಿಸಬಹುದು.

ಕಷ್ಟಪಟ್ಟರೆ ಚಿನ್ನ ಬಂದೇ ಬರುತ್ತೆ ಅನ್ನುವವರ ಮಾತು ನಾನು ನಂಬಲ್ಲ. 2024ರ ಒಲಿಂಪಿಕ್ಸ್‌ನಲ್ಲಿ ಕಿಕಾಂಪ್ವಾನ ಸ್ವಂತ ದೇಶದಲ್ಲೇ, ಶಾತೋರು ಊರಿನ ಶೂಟಿಂಗ್ ರೇಂಜ್‌ನಲ್ಲೇ ಸ್ಪರ್ಧೆ ನಡೆಯಿತು. ಅವನಿಗೆ ಪದಕ ಸಿಗಲಿಲ್ಲ. ಗೆದ್ದಿದ್ದು ಚೀನಾದ ಲಿ ಯುಎಹಾಂಗ್. ರಿಯೋದಲ್ಲೂ ಟೋಕಿಯೋದಲ್ಲೂ ಅವನು ಮೂರನೆಯವನು! ಎರಡು ಸಲ ಕಂಚು ಹಿಡಿದು ಮನೆಗೆ ಹೋದವನು ಯಾವ ಬೀರುವಿಗೆ ತುರುಕಿದನೋ, ಯಾರಿಗೆ ಗೊತ್ತು.

ಏರ್ ಪಿಸ್ತೂಲು ಕೆಟ್ಟದ್ದು ಅನ್ನುತ್ತಿಲ್ಲ. ಅರವತ್ತು ಗುಂಡಿಗೆ 75 ನಿಮಿಷ ಕೊಡುತ್ತಾರೆ. ಅಷ್ಟು ಹೊತ್ತು ಒಬ್ಬನೇ ನಿನ್ನ ಜೊತೆ ಇರುವುದು ನಿನಗೆ ಇಷ್ಟ ಅನ್ನಿಸಿದರೆ ಹೋಗು, ನಾನೇ ಫೀಸು ಕಟ್ಟುತ್ತೇನೆ. ಸೋತ ಸಿಟ್ಟಿಗೆ ಮಾತ್ರ ಹೋಗಬೇಡ. ನಾನು ಇನ್‌ಸ್ಟಿಟ್ಯೂಟ್ ಬದಲಾಯಿಸಿದ ಹಾಗಾಗುತ್ತೆ ಅಷ್ಟೇ.

ಬರುವ ಭಾನುವಾರ ಬರುತ್ತಿದ್ದೇನೆ. ನಿನ್ನಮ್ಮ ಕೊಬ್ಬರಿ ಕೇಳಿದ್ದಳು, ತರುತ್ತೇನೆ ಅಂತ ಹೇಳು. ಆ ಪದಕ ಹೊರಗೆ ತೆಗೆದಿಟ್ಟಿರು, ನಾನಿನ್ನೂ ನೋಡಿಲ್ಲ.

ಇಂತಿ ನಿನ್ನ
ಮಾವ