ಹಳದಿ ಅಕ್ಷರ ಎಲ್ಲಿ ಹೋಯಿತು?

ಮಾನ್ಯರೇ,

ರಂಗಮಂದಿರದ ಭಾನುವಾರದ ಚಿತ್ರಪ್ರದರ್ಶನ ‘ಯಶಸ್ವಿ’ ಎಂದು ಬರೆದಿದ್ದೀರಿ. ನಿಮ್ಮ ವರದಿಗಾರರು ದೀಪ ಬೆಳಗಿಸಿದ ಕೂಡಲೇ ಎದ್ದು ಹೋಗಿರಬೇಕು. ಪುಣ್ಯವಂತರು.

ಕೊರಿಯಾದ ನಿರ್ದೇಶಕ ಪಾರ್ಕ್ ಚಾನ್-ವೂಕ್ ಅವರ ‘ದಿ ಹ್ಯಾಂಡ್‌ಮೇಡನ್’ (2016) ಕಲಾವಿನ್ಯಾಸಕ್ಕೆ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಚಿತ್ರ. ಎತ್ತರದ 2.39 ಪಟ್ಟು ಅಗಲವಿರುವ (2.39:1) ಆ ಚಿತ್ರವನ್ನು ಪರದೆ ತುಂಬುವಂತೆ ಎಳೆದು ತೋರಿಸಿದರು. 16:9 ಅಳತೆಯ ಪರದೆಗೆ ಹಾಗೆ ಎಳೆದರೆ ಮುಖಗಳು ಮೂರರಲ್ಲೊಂದು ಪಾಲು ಉದ್ದವಾಗುತ್ತವೆ. ರಿಮೋಟ್‌ನಲ್ಲಿ ಆಸ್ಪೆಕ್ಟ್ ಗುಂಡಿ ಒತ್ತಿದ್ದರೆ ಸಾಕಿತ್ತು. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ, ಬರಬೇಕಾದ್ದೇ ಅದು! ಕತ್ತಲ ಕೋಣೆಗಳೆಲ್ಲ ಬೂದಿ ಬಳಿದಂತಿದ್ದವು. ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ವ್ಯಾಪ್ತಿ) ‘ಲಿಮಿಟೆಡ್’, ಪ್ರೊಜೆಕ್ಟರ್‌ನದು ‘ಫುಲ್’ ಇದ್ದರೆ ಕಪ್ಪು ಹೀಗೆಯೇ ಬೆಳ್ಳಗಾಗುವುದು.

ಇಂಗ್ಲಿಷ್ ಅಡಿಬರಹದಲ್ಲಿ ಕೊರಿಯನ್ ಮಾತಿಗೆ ಬಿಳಿ, ಜಪಾನಿಗೆ ಹಳದಿ ಇರಬೇಕು. ಜಪಾನಿ ಆಳ್ವಿಕೆಯ ಕೊರಿಯಾದ ಕಥೆ. ‘ಕೌಂಟ್’ (ಕುಲೀನರ ಬಿರುದು) ಎನ್ನುವವನು ಜಪಾನಿಯ ವೇಷ ಹಾಕಿದ ಕೊರಿಯಾದ ಠಕ್ಕ. ಯಾರು ಯಾವ ಭಾಷೆಯಲ್ಲಿ ಸುಳ್ಳು ಹೇಳುತ್ತಿದ್ದಾರೆಂದು ತಿಳಿಯುವುದೇ ಬಣ್ಣದಿಂದ. ಬಣ್ಣವಿಲ್ಲದ ಎಸ್‌ಆರ್‌ಟಿ (ಅಡಿಬರಹದ) ಫೈಲ್ ಹಾಕಿದ್ದರೋ, ಪ್ಲೇಯರ್ ಬಣ್ಣ ನುಂಗಿತೋ, ಎಲ್ಲವೂ ಬಿಳಿ.

ಇನ್ನು ಸಂಸ್ಕೃತಿ ರಕ್ಷಣೆ. ಬಾಗಿಲಲ್ಲಿ 18 ತುಂಬಿದೆಯೇ ಎಂದು ಆಧಾರ್ ನೋಡಿ ಬಿಟ್ಟವರು ಒಳಗೆ ದೃಶ್ಯಗಳನ್ನು ಹಾರಿಸಿದರು. ಜಪಾನಿ ಸಿರಿವಂತೆ ಹಿದೆಕೊ ಮತ್ತು ಅವಳ ಕೊರಿಯಾದ ಸೇವಕಿಯ ಹಾಸಿಗೆಯ ದೃಶ್ಯ ಮೊದಲ ಭಾಗದಲ್ಲಿ ಅರ್ಧಕ್ಕೆ ನಿಂತು, ಎರಡನೆಯ ಭಾಗದಲ್ಲಿ ಹಿದೆಕೊಳ ಕಡೆಯಿಂದ ಮತ್ತೆ ಬರುತ್ತದೆ. ಕಥೆ ತಿರುಗುವುದೇ ಅಲ್ಲಿ. ಗಂಡಸರ ಮುಂದೆ ಅವಳಿಂದ ಅಶ್ಲೀಲ ಪುಸ್ತಕ ಓದಿಸುವುದನ್ನೂ ಹಾರಿಸಿದರು. ಆಮೇಲೆ ಹೆಣ್ಣುಗಳಿಬ್ಬರೂ ಆ ಪುಸ್ತಕಗಳನ್ನು ಹರಿದು, ಮಸಿ ಸುರಿದು, ನೀರಿಗೆ ಎಸೆದಾಗ ಹಿಂದಿನ ಸಾಲಿನವರು ‘ಯಾಕಂತೆ?’ ಎನ್ನುತ್ತಿದ್ದರು. ಪಾಪ, ಅವರ ತಪ್ಪಲ್ಲ. 145 ನಿಮಿಷದ ಚಿತ್ರ ಎರಡು ಗಂಟೆಯೊಳಗೆ ಮುಗಿಯಿತು. ಭಾಷಣಗಳಿಗೆ ಮಾತ್ರ ಕತ್ತರಿ ಬೀಳಲಿಲ್ಲ.

ಎಸಿ ಎಂದು ಫಲಕವಿದೆ, ಫ್ಯಾನೂ ತಿರುಗಲಿಲ್ಲ. ವಾಹನ ನಿಲ್ಲಿಸಲು ದುಡ್ಡು ಕಿತ್ತರು, ಹೊರಬಂದರೆ ದಾರಿದೀಪವಿಲ್ಲ, ಶೌಚಾಲಯಕ್ಕೆ ಬೀಗ. ನವೀಕರಣ ಎಂದು ವರ್ಷಗಟ್ಟಲೆ ಮುಚ್ಚಿಟ್ಟು ಅಧಿಕಾರಿಗಳು ಮಾಡಿದ್ದೇನು? ಗೋಡೆಗೆ ಸುಣ್ಣ, ಮುಂದಿನ ಸಾಲಿಗೆ ಸೋಫಾ. ಕುರ್ಚಿ ಮುರಿದಿದೆ ಎಂದು ಕೊಟ್ಟ ಅರ್ಜಿಗಳು ಯಾವ ಕಡತದಲ್ಲಿ ಕೊಳೆಯುತ್ತಿವೆಯೋ.

ತೋರಿಸುವುದಾದರೆ ಪೂರ್ತಿ ತೋರಿಸಲಿ, ಇಲ್ಲವೇ ಮಂದಿರವನ್ನು ಮದುವೆಗೆ ಬಾಡಿಗೆ ಕೊಟ್ಟು ಸುಮ್ಮನಿರಲಿ. ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಲಿ ಎಂದು ಬರೆಯುವುದು ವಾಡಿಕೆ. ಮೊದಲು ಆ ಶೌಚಾಲಯದ ಬೀಗದಕೈ ಯಾರ ಹತ್ತಿರ ಇದೆ ಎಂದಾದರೂ ಹೇಳಲಿ.

– ನೊಂದ ಪ್ರೇಕ್ಷಕ