ಫ್ಯಾಕ್ಟರಿ ಕೇಸ್ ಬಗ್ಗೆ ಕೇಳಿದೋರಿಗೆ

ಎಲ್ರಿಗೂ ನಮಸ್ಕಾರ್ರೀ. ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ) ಎಕ್ಸಾಮಿಗೆ ಓದ್ತಿರೋರು ಫ್ಯಾಕ್ಟರಿ ಕೇಸ್ ಹೆಂಗೆ ನಡೆಸ್ತೀರಿ ಸರ್ ಅಂತ ಒಬ್ಬೊಬ್ರೇ ಮೆಸೇಜ್ ಹಾಕ್ತಿದೀರಿ, ಅದ್ಕೇ ಇಲ್ಲೇ ಹಾಕ್ತಿದೀನಿ. ನಮ್ಮ ದಾವಣಗೆರೇಲಿ ರೈಸ್ ಮಿಲ್ಲು, ಮಂಡಕ್ಕಿ ಭಟ್ಟಿ ಜಾಸ್ತಿ, ಬೆಲ್ಟಿಗೆ ಕೈ ಸಿಕ್ತು ಅನ್ನೋ ಹಳೇ ಕೇಸ್ ಕೈಗೆ ಬಂದ್ರೆ ಮೊದ್ಲು ಡೇಟ್ ನೋಡ್ರಿ, 1948ರ ಫ್ಯಾಕ್ಟರಿ ಆಕ್ಟ್ ಸೆಕ್ಷನ್ 106ರ ಪ್ರಕಾರ ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಗೊತ್ತಾಗಿ 3 ತಿಂಗಳೊಳಗೆ ಕಂಪ್ಲೇಂಟ್ ಕೋರ್ಟಿಗೆ ಬಂದಿರ್ಬೇಕು, ತಡ ಆಗಿದ್ರೆ ಮಾಲೀಕರ ವಕೀಲ್ರು ಅಲ್ಲೇ ಹಿಡೀತಾರೆ. ಆಮೇಲೆ ಫೋಟೋ. ಆಕ್ಸಿಡೆಂಟ್ ಆದ ಮಾರನೇ ದಿನ ಬೆಲ್ಟ್ ಮುಚ್ಚೋ ಗಾರ್ಡ್ ಕೂರಿಸಿರ್ತಾರೆ, ಮೆಷಿನ್ ಪೂರ್ತಿ ತೌಡಿನ ಧೂಳು, ಗಾರ್ಡಿನ ಬೋಲ್ಟ್ ಮಾತ್ರ ಫಳಫಳ! ಫೋಟೋ ಯಾವತ್ತು ತೆಗ್ದಿದ್ದು ಅಂತ ಇನ್ಸ್‌ಪೆಕ್ಟರ್ ಬಾಯಲ್ಲಿ ಚೀಫ್‌ನಲ್ಲೇ (ಅಂದ್ರೆ ನಾವು ಮೊದ್ಲು ಪ್ರಶ್ನೆ ಕೇಳೋವಾಗ್ಲೇ) ಹೇಳಿಸ್ರಿ. ಗಾಯ ಆದ ಕೂಲಿಯವ್ರೇ ಹಾಸ್ಟೈಲ್ ಆಗೋದೂ (ನಮ್ಮ ವಿರುದ್ಧ ತಿರುಗಿ ಸಾಕ್ಷಿ ಹೇಳೋದೂ) ಉಂಟು, ಅದೇ ಮಾಲೀಕರ ಹತ್ರ ನಾಳೆ ಕೆಲ್ಸ ಬೇಕಲ್ಲ, ಬೈಬ್ಯಾಡ್ರಿ. 2025ರ ನವೆಂಬರ್ 21ರಿಂದ ಆ ಹಳೇ ಆಕ್ಟ್ ಬದ್ಲಿಗೆ ಹೊಸ ಸುರಕ್ಷತಾ ಸಂಹಿತೆ ಜಾರಿ ಆಗಿದೆ, ಕರೆಂಟ್ ಬಳಸೋ ಕಡೆ ಮೊದ್ಲು 10 ಜನ ಇದ್ರೆ ಫ್ಯಾಕ್ಟರಿ ಆಗ್ತಿತ್ತು, ಈಗ 20 ಬೇಕು, ಸಣ್ಣ ಮಿಲ್ಲುಗಳು ಫ್ಯಾಕ್ಟರಿ ಲೆಕ್ಕದಿಂದ ಜಾರ್ಕೊಳ್ತಾವೆ, ನಂಗಂತೂ ಸರಿ ಕಾಣ್ಲಿಲ್ಲ. ಹಳೇ ಆಕ್ಟ್, ಹೊಸ ಸಂಹಿತೆ ಎರಡರ ಪಿಡಿಎಫ್ ರಾತ್ರಿ ಹಾಕ್ತೀನಿ, ಅಲ್ಲೀವರ್ಗೂ ಗುಡ್ ಮಾರ್ನಿಂಗ್ ಫೋಟೋ ಹಾಕ್ಬ್ಯಾಡ್ರಪ್ಪ.